ಮರಣದಂಡನೆ ರದ್ದಾಗಲಿ ಎಂದ ಜನರಲ್

ಝಾರ್ ಕಾಲದ ರಷ್ಯದ ಸೇನಾಧಿಕಾರಿಯ ಸೇವಾ ದಾಖಲೆಯಲ್ಲಿ ಪದವಿ ಮೊದಲು, ಹೆಸರು ಆಮೇಲೆ. ಅದರ ಬೆನ್ನಿಗೆ ಹುದ್ದೆ, ಪದಕಗಳು, ಹುಟ್ಟಿದ ದಿನ, ಯಾವ ವರ್ಗ, ಯಾವ ಪ್ರಾಂತ್ಯ, ಯಾವ ಧರ್ಮ, ಎಲ್ಲಿ ಓದಿದ್ದು, ಸಂಬಳವೆಷ್ಟು ಎಂಬ ಅಂಕಣಗಳು ಬರುತ್ತವೆ. ಹೆಂಡತಿ ಯಾರ ಮಗಳು, ಮಕ್ಕಳೆಷ್ಟು, ಪಿತ್ರಾರ್ಜಿತ ಆಸ್ತಿ ಯಾವುದು, ಸ್ವಯಾರ್ಜಿತ ಯಾವುದು, ಯಾವ ಯುದ್ಧದಲ್ಲಿ ಭಾಗವಹಿಸಿದ್ದ, ಎಂದಾದರೂ ಶಿಕ್ಷೆಗೆ ಗುರಿಯಾಗಿದ್ದನೇ, ರಜೆಯ ಮೇಲೆ ಹೋದಾಗ ಗಡುವಿನೊಳಗೆ ಮರಳಿದನೇ ಎಂಬುದನ್ನೂ ಬರೆದಿಡುತ್ತಿದ್ದರು. ಒಬ್ಬ ಮನುಷ್ಯನ ಇಡೀ ಬದುಕನ್ನು ಸರ್ಕಾರ ತನಗೆ ಬೇಕಾದ ಪ್ರಶ್ನೆಗಳಿಗಷ್ಟೇ ಉತ್ತರವಾಗಿ ಹಿಡಿದಿಡುತ್ತಿತ್ತು. ಅವನು ಏನನ್ನು ನಂಬಿದ್ದ ಎಂದು ಕೇಳುವ ಅಂಕಣ ಅಲ್ಲಿರಲಿಲ್ಲ. ಅದನ್ನು ಬೇರೆಡೆ ಹುಡುಕಬೇಕು, ನಾನು ಹುಡುಕಿದ್ದು ಅದನ್ನೇ.

ನಾನು ಧಾರವಾಡದಲ್ಲಿ ಕ್ರಿಮಿನಲ್ ಮೊಕದ್ದಮೆಗಳನ್ನು ನಡೆಸುವ ವಕೀಲೆ. ಓದುವ ಕಾಲದಲ್ಲಿ ರಷ್ಯನ್ ಕಲಿತಿದ್ದೆ, ಅದನ್ನು ಕೈಬಿಡಬಾರದೆಂದು ಹಳೆಯ ಕಾನೂನು ಕಾಗದಗಳನ್ನು ಆಗಾಗ ಓದುತ್ತೇನೆ. ಹಾಗೆ ಓದುವಾಗ ರಷ್ಯದ ಮೊದಲ ದೂಮಾದ, ಅಂದರೆ ಅಲ್ಲಿನ ಮೊದಲ ಚುನಾಯಿತ ಸಭೆಯ, ನಡಾವಳಿ ಸಿಕ್ಕಿತು. 1906ರ ಜೂನ್ 19ರಂದು ಆ ಸಭೆ ಮರಣದಂಡನೆಯನ್ನು ರದ್ದುಪಡಿಸುವ ಮಸೂದೆಯನ್ನು ಒಮ್ಮತದಿಂದ ಅಂಗೀಕರಿಸಿತು. ಅದರ ಒಂದನೆಯ ಕಲಂ ಹೇಳುವುದು ಮರಣದಂಡನೆ ರದ್ದು ಎಂದಷ್ಟೇ. ಕಾನೂನಿನಲ್ಲಿ ಎಲ್ಲೆಲ್ಲಿ ಮರಣದಂಡನೆ ಇದೆಯೋ ಅಲ್ಲೆಲ್ಲ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಶಿಕ್ಷೆ ಜಾರಿಗೆ ಬರಬೇಕು ಎನ್ನುವುದು ಎರಡನೆಯದು. ಇಷ್ಟು ಅಚ್ಚುಕಟ್ಟಾದ ಮಸೂದೆಯನ್ನು ನಾನು ಹೆಚ್ಚು ನೋಡಿಲ್ಲ. ಸಮಿತಿಯ ಪರವಾಗಿ ಅದನ್ನು ಮಂಡಿಸಿ ಸಮರ್ಥಿಸಿದವರ ಹೆಸರು ವ್ಲಾದಿಮಿರ್ ದ್ಮಿತ್ರಿಯೆವಿಚ್ ಕುಜ್ಮಿನ್-ಕರವಾಯೆವ್. ವೃತ್ತಿಯಿಂದ ಅವರು ಸೇನಾ ಕಾನೂನು ಅಕಾಡೆಮಿಯ ಪ್ರಾಧ್ಯಾಪಕರು, ಪದವಿಯಿಂದ ಮೇಜರ್ ಜನರಲ್.

ಗಲ್ಲಿಗೇರಿಸುವ ಅಧಿಕಾರವಿದ್ದ ಇಲಾಖೆಯಲ್ಲೇ ಮೇಲೇರಿದ ವ್ಯಕ್ತಿ ಗಲ್ಲನ್ನು ರದ್ದುಮಾಡಲು ನಿಂತದ್ದು ಹೇಗೆ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಮ್ಮ ನ್ಯಾಯಾಲಯದ ಹಿರಿಯ ವಕೀಲರೊಬ್ಬರು ನನ್ನ ಚೀಲದಲ್ಲಿದ್ದ ರಷ್ಯನ್ ಹಾಳೆಗಳನ್ನು ನೋಡಿ, "ಕಕ್ಷಿದಾರನೇ ಇಲ್ಲದ ಮೊಕದ್ದಮೆಗೆ ಇಷ್ಟೊಂದು ಯಾಕಮ್ಮ ದುಡಿಯುತ್ತೀರಿ?" ಎಂದು ಕೇಳಿದ್ದರು. "ಸರ್, ಈತ ನಮ್ಮ ವೃತ್ತಿಯವರೇ" ಎಂದೆ. ಅವರು ಕುರ್ಚಿ ಎಳೆದುಕೊಂಡು ಕೂತು, ಹಾಗಾದರೆ ಪೂರ್ತಿ ಹೇಳಿ ಎಂದರು.

ಕೆಲಸವನ್ನು ಶುರುಮಾಡಿದ್ದು ಜನರಲ್‌ಗಳ ಜ್ಯೇಷ್ಠತಾ ಪಟ್ಟಿಗಳಿಂದ. ರಷ್ಯದ ಯುದ್ಧ ಸಚಿವಾಲಯ ಇವನ್ನು ಕಾಲಕಾಲಕ್ಕೆ ಅಚ್ಚು ಹಾಕಿಸುತ್ತಿತ್ತು. ಈಗ ಅವುಗಳಲ್ಲಿ ಅನೇಕವನ್ನು ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಯಾವ ಪದವಿ ಯಾವ ದಿನ ಬಂತು, ಯಾವ ಹುದ್ದೆಯಲ್ಲಿ ಎಷ್ಟು ಕಾಲ ಇದ್ದರು ಎಂಬುದೆಲ್ಲ ಅವುಗಳಲ್ಲಿ ಕೆಲವೇ ಸಾಲುಗಳಲ್ಲಿ ಸಿಗುತ್ತದೆ. ಅಧಿಕಾರಿಗಳ ಸೇವಾ ದಾಖಲೆಗಳ ದೊಡ್ಡ ಸಂಗ್ರಹ ಇರುವುದು ಮಾಸ್ಕೋದ ಲೆಫೋರ್ತೊವೊ ಅರಮನೆಯಲ್ಲಿರುವ ಸೇನಾ ಇತಿಹಾಸ ಪತ್ರಾಗಾರದಲ್ಲಿ. ನಾನು ಅಲ್ಲಿಗೆ ಹೋದವಳಲ್ಲ. ಅಂಥ ದಾಖಲೆಗಳ ಬಿಡಿ ಪ್ರತಿಗಳನ್ನು, ಅಚ್ಚಾದ ಪಟ್ಟಿಗಳನ್ನು, ದೂಮಾದ ನಡಾವಳಿಯನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಓದಿದೆ. 1918ರ ಲಿಪಿ ಸುಧಾರಣೆಗೆ ಮುಂಚಿನ ಅಕ್ಷರಗಳಿಗೆ ಕಣ್ಣು ಒಗ್ಗಲು ಸ್ವಲ್ಪ ಸಮಯ ಬೇಕು. ದಿನಾಂಕಗಳೂ ಹಳೆಯ ಪಂಚಾಂಗದವು. ನಮ್ಮ ಲೆಕ್ಕಕ್ಕೆ ತರಬೇಕಾದರೆ ಹತ್ತೊಂಬತ್ತನೆಯ ಶತಮಾನದ ದಿನಾಂಕಕ್ಕೆ 12, ಇಪ್ಪತ್ತನೆಯದಕ್ಕೆ 13 ದಿನ ಕೂಡಿಸಬೇಕು. ಈ ಬರಹದಲ್ಲಿ ಇರುವುದೆಲ್ಲ ಹಳೆಯ ಪಂಚಾಂಗದ ದಿನಾಂಕಗಳೇ.

ಕುಜ್ಮಿನ್-ಕರವಾಯೆವ್ ಹುಟ್ಟಿದ್ದು 1859ರಲ್ಲಿ. ಶ್ರೀಮಂತ ಮನೆತನ, ಓದು ಪೀಟರ್ಸ್‌ಬರ್ಗಿನ ಪೇಜ್ ಕೋರ್‌ನಲ್ಲಿ. ಅದು ಉನ್ನತ ದರ್ಜೆಯವರ ಮಕ್ಕಳಿಗೆಂದೇ ಇದ್ದ ಸೈನಿಕ ಶಾಲೆ. ಅಲ್ಲಿಂದ ಹೊರಬಿದ್ದವನಿಗೆ ಗಾರ್ಡ್ಸ್ ಪಡೆಯ ದಾರಿ ತೆರೆದೇ ಇರುತ್ತಿತ್ತು. ಅವರು ಮುಂದೆ ಹಿಡಿದದ್ದು ಸೇನಾ ಕಾನೂನು ಅಕಾಡೆಮಿಯ ದಾರಿ. ಆ ಆಯ್ಕೆಯ ತೂಕ ಗೊತ್ತಾಗಬೇಕಾದರೆ ಅಕಾಡೆಮಿ ಹುಟ್ಟುವ ಮುಂಚೆ ರಷ್ಯದ ಸೇನೆಯಲ್ಲಿ ಕಾನೂನು ಯಾವ ಸ್ಥಿತಿಯಲ್ಲಿತ್ತು ಎಂದು ನೋಡಬೇಕು. ನಾನು ಅತಿ ಹೆಚ್ಚು ಕಾಲ ಕಳೆದದ್ದೂ ಅಲ್ಲೇ.

ಮಹಾ ಪೀಟರ್‌ನ 1716ರ ಸೇನಾ ಶಾಸನದ ಪ್ರಕಾರ ಸೇನಾ ನ್ಯಾಯಾಲಯದಲ್ಲಿ ಆಡಿಟರ್ ಎಂಬ ಅಧಿಕಾರಿ ಕೂರಬೇಕಿತ್ತು. ಇವನಿಗೂ ಲೆಕ್ಕಪತ್ರಕ್ಕೂ ಸಂಬಂಧವಿಲ್ಲ. ವಿಚಾರಣೆ ಶಾಸನದಂತೆ ನಡೆಯುತ್ತಿದೆಯೇ ಎಂದು ನೋಡುವುದು ಅವನ ಕೆಲಸ, ತೀರ್ಪಿನಲ್ಲಿ ಅವನಿಗೆ ಮತವಿರಲಿಲ್ಲ. ನಮ್ಮ 1950ರ ಸೇನಾ ಕಾಯ್ದೆಯ ಜನರಲ್ ಕೋರ್ಟ್ ಮಾರ್ಷಲ್‌ನಲ್ಲಿ ಜಡ್ಜ್ ಅಡ್ವೊಕೇಟ್ ಹಾಜರಿರಲೇಬೇಕು, ಅವರಿಗೂ ಮತವಿಲ್ಲ. ಎರಡೂ ವ್ಯವಸ್ಥೆಗಳ ಬೇರು ಯುರೋಪಿನ ಹಳೆಯ ಸೇನಾ ಪದ್ಧತಿಗಳಲ್ಲಿದೆ. ಆದರೆ ರಷ್ಯದಲ್ಲಿ ಒಂದೂವರೆ ಶತಮಾನದ ಕಾಲ ಈ ಆಡಿಟರ್‌ನೇ ಎಲ್ಲವೂ ಆಗಿದ್ದ. ಕಡತ ಕಟ್ಟುವವನು ಅವನೇ, ಕಲಂ ಹುಡುಕುವವನೂ ಅವನೇ. ವಿಚಾರಣೆಯೆಲ್ಲ ಕಾಗದದ ಮೇಲೆ, ಮುಚ್ಚಿದ ಬಾಗಿಲ ಹಿಂದೆ. ಆರೋಪಿಯ ಪರ ವಾದಿಸುವವರು ಸಾಮಾನ್ಯವಾಗಿ ಇರುತ್ತಲೇ ಇರಲಿಲ್ಲ.

ಆ ಕಾಲದ ಕೊನೆಯ ಅಂಚಿನಲ್ಲಿ ನಡೆದ ಒಂದು ಮೊಕದ್ದಮೆಯನ್ನು ಓದಿದಾಗ ನನಗೆ ಬಹಳ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ. 1866ರ ಬೇಸಿಗೆ, ಯಾಸ್ನಾಯಾ ಪೊಲ್ಯಾನಾದ ಹತ್ತಿರ ಬೀಡುಬಿಟ್ಟಿದ್ದ ಕಾಲಾಳು ರೆಜಿಮೆಂಟ್. ಕಂಪನಿಯ ಗುಮಾಸ್ತನ ಕೆಲಸ ಮಾಡುತ್ತಿದ್ದ ವಸೀಲಿ ಶಬೂನಿನ್ ಎಂಬ ಸಿಪಾಯಿ ತನ್ನ ಕಂಪನಿ ಕಮಾಂಡರ್‌ನ ಮುಖಕ್ಕೆ ಹೊಡೆದ. ಅದಕ್ಕೆ ಶಿಕ್ಷೆ ಸಾವು. ಪರಿಚಯದ ಅಧಿಕಾರಿಗಳು ಕೇಳಿಕೊಂಡಾಗ ಅವನ ಪರ ವಾದಿಸಲು ಒಪ್ಪಿದವರು ಯಾಸ್ನಾಯಾ ಪೊಲ್ಯಾನಾದಲ್ಲೇ ನೆಲೆಸಿದ್ದ ಸಾಹಿತಿ ಲಿಯೋ ಟಾಲ್‌ಸ್ಟಾಯ್. ಸಿಪಾಯಿಯ ಮನಸ್ಸು ಸ್ಥಿಮಿತದಲ್ಲಿರಲಿಲ್ಲ, ಆದ್ದರಿಂದ ಶಿಕ್ಷೆ ಇಳಿಸಬೇಕು ಎಂದು ಅವರು ಕಲಂಗಳನ್ನು ಉಲ್ಲೇಖಿಸಿ ವಾದಿಸಿದರು. ವಾದ ನಿಲ್ಲಲಿಲ್ಲ. ಕ್ಷಮಾದಾನಕ್ಕಾಗಿ ಆಸ್ಥಾನದಲ್ಲಿದ್ದ ಬಂಧುವಿಗೆ ಬರೆದರು. ಆ ಪತ್ರದಲ್ಲಿ ರೆಜಿಮೆಂಟಿನ ಹೆಸರು ಬಿಟ್ಟುಹೋಗಿತ್ತು, ಅದನ್ನು ಕೇಳಿ ಬರೆಯುವಷ್ಟರಲ್ಲಿ ಕಾಲ ಮೀರಿತ್ತು. ಆಗಸ್ಟ್ 9ರಂದು ಶಬೂನಿನ್‌ನನ್ನು ಗುಂಡಿಟ್ಟು ಕೊಂದರು. ಟಾಲ್‌ಸ್ಟಾಯ್ ಎಂಬತ್ತರ ಹೊಸ್ತಿಲಲ್ಲಿ ಆ ಪ್ರಕರಣವನ್ನು ನೆನೆದು, ಕಲಂಗಳನ್ನು ಹಿಡಿದು ಹಾಗೆ ವಾದಿಸಿದ್ದಕ್ಕಾಗಿ ತಮ್ಮನ್ನೇ ಕಠೋರವಾಗಿ ದೂಷಿಸಿಕೊಂಡರು. ಅವರ ಮೇಲಿನ ಗೌರವ ಕಡಿಮೆಯಾಗದೆಯೇ ನಾನು ಇದನ್ನು ಒಪ್ಪುವುದಿಲ್ಲ. ಎದುರಿಗೆ ಕೂತ ಮೂವರು ಅಧಿಕಾರಿಗಳಿಗೆ ಅರ್ಥವಾಗಬಹುದಾಗಿದ್ದ ಭಾಷೆ ಕಲಂಗಳದ್ದೇ. ಮನೋಸ್ಥಿತಿಯ ಬಗ್ಗೆ ಸರಿಯಾದ ವೈದ್ಯಕೀಯ ಪರೀಕ್ಷೆ ಬೇಕು ಎಂದು ಒತ್ತಾಯಿಸಬಲ್ಲ ಪಳಗಿದ ನ್ಯಾಯಾಧೀಶನೊಬ್ಬ ಅಲ್ಲಿ ಇರಬೇಕಿತ್ತು, ಇರಲಿಲ್ಲ.

ಮರು ವರ್ಷ ಎಲ್ಲ ಬದಲಾಯಿತು. 1864ರ ನವೆಂಬರ್ 20ರ ನ್ಯಾಯಾಂಗ ಸುಧಾರಣೆ ನಾಗರಿಕ ನ್ಯಾಯಾಲಯಗಳಿಗೆ ಬಹಿರಂಗ ವಿಚಾರಣೆ, ಮೌಖಿಕ ವಾದ, ವಕೀಲರು, ಜ್ಯೂರಿ ಎಲ್ಲವನ್ನೂ ಕೊಟ್ಟಿತ್ತು. ಯುದ್ಧ ಸಚಿವ ದ್ಮಿತ್ರಿ ಮಿಲ್ಯೂತಿನ್ ಅದರ ತತ್ವಗಳಲ್ಲಿ ಜ್ಯೂರಿಯೊಂದನ್ನು ಬಿಟ್ಟು ಬಹುಪಾಲನ್ನು ಸೇನೆಗೂ ತಂದರು. 1867ರ ಮೇ 15ರ ಸೇನಾ ನ್ಯಾಯಾಂಗ ಶಾಸನ ಮೂರು ಹಂತಗಳನ್ನು ನಿಲ್ಲಿಸಿತು. ಸಣ್ಣ ತಪ್ಪುಗಳಿಗೆ ರೆಜಿಮೆಂಟ್ ನ್ಯಾಯಾಲಯ, ಗಂಭೀರ ಅಪರಾಧಗಳಿಗೆ ಸೇನಾ ಜಿಲ್ಲಾ ನ್ಯಾಯಾಲಯ, ಎಲ್ಲಕ್ಕೂ ಮೇಲೆ ಪೀಟರ್ಸ್‌ಬರ್ಗಿನ ಪ್ರಧಾನ ಸೇನಾ ನ್ಯಾಯಾಲಯ. ಜಿಲ್ಲಾ ನ್ಯಾಯಾಲಯದ ಅಧ್ಯಕ್ಷರೂ ಕಾಯಂ ನ್ಯಾಯಾಧೀಶರೂ ಕಾನೂನು ಇಲಾಖೆಯವರು, ಅವರ ಜೊತೆಗೆ ಪಡೆಗಳಿಂದ ತಾತ್ಕಾಲಿಕವಾಗಿ ಬಂದ ಅಧಿಕಾರಿಗಳು. ಪ್ರಾಸಿಕ್ಯೂಟರ್ ಬೇರೆ, ತನಿಖಾಧಿಕಾರಿ ಬೇರೆ, ಆರೋಪಿಯ ಪರ ವಾದಿಸುವವರು ಬೇರೆ. ಹಿಂದಿನ ಆಡಿಟರ್‌ನ ಒಂದೇ ಮೇಜಿನ ಮೇಲಿದ್ದ ಕೆಲಸ ನಾಲ್ಕು ಜನರ ಕೈಗೆ ಹಂಚಿಹೋಯಿತು. ನ್ಯಾಯ ಎಂಬುದರ ಅರ್ಧ ಭಾಗ ಇಂಥ ಹಂಚಿಕೆಯಲ್ಲೇ ಇದೆ ಎಂದು ನಾನು ನಂಬುತ್ತೇನೆ.

ಈ ಹೊಸ ಕುರ್ಚಿಗಳಿಗೆ ಜನ ಬೇಕಿತ್ತು. ಅದಕ್ಕೇ ಅಕಾಡೆಮಿ. ಕೆಲವು ವರ್ಷ ಪಡೆಯಲ್ಲಿ ದುಡಿದ ಯುವ ಅಧಿಕಾರಿಗಳು ಪ್ರವೇಶ ಪರೀಕ್ಷೆ ಬರೆದು ಸೇರುತ್ತಿದ್ದರು. ಓದು ಮುಗಿದ ಮೇಲೆ ಸೇನಾ ನ್ಯಾಯಾಂಗ ಹುದ್ದೆಯ ಉಮೇದುವಾರನಾಗಿ ಸೇನಾ ಜಿಲ್ಲೆಯೊಂದಕ್ಕೆ ನೇಮಕವಾಗುತ್ತಿತ್ತು. ಜ್ಯೇಷ್ಠತಾ ಪಟ್ಟಿಗಳನ್ನು ಓದುತ್ತ ಹೋದಂತೆ ಈ ಏಣಿ ಕಣ್ಣಿಗೆ ಕಟ್ಟಿತು. ಮೊದಲು ಉಮೇದುವಾರ, ಆಮೇಲೆ ಸಹಾಯಕ ಸೇನಾ ಪ್ರಾಸಿಕ್ಯೂಟರ್ ಅಥವಾ ಸೇನಾ ತನಿಖಾಧಿಕಾರಿ, ಕರ್ನಲ್ ಆಗುವ ಹೊತ್ತಿಗೆ ಸೇನಾ ನ್ಯಾಯಾಧೀಶ, ಅದೃಷ್ಟವಿದ್ದರೆ ಜಿಲ್ಲಾ ಪ್ರಾಸಿಕ್ಯೂಟರ್ ಅಥವಾ ನ್ಯಾಯಾಲಯದ ಅಧ್ಯಕ್ಷ. ಉಮೇದುವಾರನ ಹಂತವೇ ನನಗೆ ಬಹಳ ಹಿಡಿಸಿದ್ದು. ಸಿಪಾಯಿಗಳ ಪರ ವಾದಿಸುವ ಕೆಲಸ ಅನೇಕ ಸಲ ಈ ಹುಡುಗರ ಪಾಲಿಗೇ ಬರುತ್ತಿತ್ತು. ನಾಳೆ ಪ್ರಾಸಿಕ್ಯೂಟರ್ ಆಗುವವನು ಇಂದು ಆರೋಪಿಯ ಪಕ್ಕದಲ್ಲಿ ನಿಂತು ಅವನ ಕಥೆಯನ್ನು ಕೇಳಬೇಕಾಗುತ್ತಿತ್ತು. ನಮ್ಮ ಜೂನಿಯರ್‌ಗಳಿಗೂ ಇಂಥ ಕಡ್ಡಾಯ ಇದ್ದಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ.

ಕುಜ್ಮಿನ್-ಕರವಾಯೆವ್ ಅಕಾಡೆಮಿ ಮುಗಿಸಿ ಕೊನೆಗೆ ಅಲ್ಲೇ ಪ್ರಾಧ್ಯಾಪಕರಾದರು. ಅದರಾಚೆ ಅವರಿಗೆ ಇನ್ನೊಂದು ಬದುಕಿತ್ತು. ತ್ವೇರ್ ಪ್ರಾಂತ್ಯದ ಜೆಮ್ಸ್ತ್ವೊದಲ್ಲಿ, ಅಂದರೆ ರಸ್ತೆ, ಶಾಲೆ, ಆಸ್ಪತ್ರೆಗಳನ್ನು ನೋಡಿಕೊಳ್ಳುತ್ತಿದ್ದ ಸ್ಥಳೀಯ ಚುನಾಯಿತ ಮಂಡಳಿಯಲ್ಲಿ, ಅವರು ದುಡಿದರು. ತ್ವೇರ್‌ನವರು ಧೈರ್ಯಕ್ಕೆ ಹೆಸರಾದವರು. ಜನರ ದನಿಗೂ ಕಿವಿಗೊಡಿ ಎಂದು ಹೊಸ ದೊರೆ ಎರಡನೆಯ ನಿಕೊಲಾಯ್‌ಗೆ ಬಿನ್ನವತ್ತಳೆ ಸಲ್ಲಿಸಿದವರು ಅವರು. 1895ರ ಜನವರಿ 17ರಂದು ದೊರೆ ಆ ಆಸೆಯನ್ನು ಅರ್ಥವಿಲ್ಲದ ಕನಸು ಎಂದು ತಳ್ಳಿಹಾಕಿದ. ಸೇವಾ ದಾಖಲೆಯ ಅಂಕಣಗಳಲ್ಲಿ ಕಾಣದ ನಂಬಿಕೆ ನನಗೆ ಮೊದಲು ಕಂಡದ್ದು ಇಲ್ಲಿ. ಮುಂದೆ ಅದೇ ತ್ವೇರ್‌ನಿಂದ ಅವರು ಮೊದಲ ದೂಮಾಕ್ಕೂ ಎರಡನೆಯ ದೂಮಾಕ್ಕೂ ಆರಿಸಿಬಂದರು.

ಇನ್ನೊಂದು ಸಂಗತಿಯನ್ನು ತಿಳಿಯದೆ 1906 ಅರ್ಥವಾಗುವುದಿಲ್ಲ. ರಷ್ಯದ ಸಾಮಾನ್ಯ ದಂಡಸಂಹಿತೆಯಲ್ಲಿ ಮರಣದಂಡನೆ ಇದ್ದದ್ದು ಕೆಲವೇ ಅಪರಾಧಗಳಿಗೆ. ಕೊಲೆಗಾರನಿಗೂ ಸಾಮಾನ್ಯವಾಗಿ ಸಿಗುತ್ತಿದ್ದದ್ದು ಕಠಿಣ ದುಡಿಮೆಯ ಸೆರೆ. ಆದರೆ 1881ರ ಆಗಸ್ಟ್ 14ರ ವಿಶೇಷ ನಿಯಮಗಳ ಪ್ರಕಾರ ಗವರ್ನರ್ ಜನರಲ್‌ಗಳು ನಾಗರಿಕರ ಮೊಕದ್ದಮೆಯನ್ನು ಸೇನಾ ನ್ಯಾಯಾಲಯಕ್ಕೆ ವರ್ಗಾಯಿಸಬಹುದಿತ್ತು. ಅಲ್ಲಿ ಅವರಿಗೆ ಕಾದಿದ್ದದ್ದು ಸೇನಾ ದಂಡ ಶಾಸನದ 279ನೆಯ ಕಲಂ, ಯುದ್ಧಕಾಲದ ಸೈನಿಕನಿಗೆಂದು ಬರೆದ ಸಾವಿನ ಕಲಂ. ಯುದ್ಧವಿಲ್ಲದ ಊರಿನ ಕಾರ್ಮಿಕನನ್ನು ಕಾಗದದ ಮೇಲೆ ಯುದ್ಧಕ್ಕೆ ಎಳೆದು ನೇಣು ಹಾಕಲು ದಾರಿ ಮಾಡಿಕೊಟ್ಟದ್ದು ಅದು. 1905ರ ಕ್ರಾಂತಿಯ ನಂತರ ಸರ್ಕಾರ ಈ ದಾರಿಯನ್ನು ಎಡಬಿಡದೆ ಬಳಸಿತು. ಆ ಕಲಂ ಹುಟ್ಟಿದ್ದು ಯಾಕೆ, ಅದನ್ನು ಎಲ್ಲಿಯವರೆಗೆ ಎಳೆಯಲಾಗುತ್ತಿದೆ ಎಂದು ದೂಮಾದಲ್ಲಿ ಒಳಗಿನವನಾಗಿ ಬಲ್ಲವರು ಈ ಪ್ರಾಧ್ಯಾಪಕರು. ಇತರ ಸದಸ್ಯರ ಭಾಷಣಗಳಲ್ಲಿ ಸಂಕಟವಿದೆ, ಆಕ್ರೋಶವಿದೆ. ಮಸೂದೆಯಲ್ಲಿ ಕಾಣುವುದು ಶಾಸನದ ಪ್ರತಿಯೊಂದು ಸಂದುಗೊಂದಿಯನ್ನೂ ಬಲ್ಲವರ ಕೈ. ಸಾಮಾನ್ಯ ಕಾನೂನು, ಸೇನಾ ಕಾನೂನು, ವಿಶೇಷ ನಿಯಮ, ಯಾವುದರ ನೆರಳಿಗೂ ಮರಣದಂಡನೆ ಜಾರಿಕೊಳ್ಳಲು ಎರಡನೆಯ ಕಲಂ ಬಿಡುವುದಿಲ್ಲ.

ಅಂದೇ ಸರ್ಕಾರದ ಪರ ಮಾತನಾಡಲು ಬಂದವರು ಪ್ರಧಾನ ಸೇನಾ ಪ್ರಾಸಿಕ್ಯೂಟರ್ ವ್ಲಾದಿಮಿರ್ ಪಾವ್ಲೊವ್. ಅದೇ ಇಲಾಖೆಯ ಏಣಿಯ ತುತ್ತತುದಿ ಮುಟ್ಟಿದ್ದ ಇನ್ನೊಬ್ಬ ಜನರಲ್. ಅವರು ವೇದಿಕೆ ಹತ್ತಿದ್ದೇ ತಡ, ಸಭೆಯಲ್ಲಿ "ಕೊಲೆಗಾರ", "ನೇಣುಗಾರ" ಎಂಬ ಕೂಗು ಎದ್ದಿತು. ಮಾತನಾಡಲಾಗದೆ ಅವರು ಇಳಿದು ಹೋದರು. ನಡಾವಳಿಯ ಆ ಪುಟವನ್ನು ನಾನು ಮತ್ತೆ ಮತ್ತೆ ಓದಿದೆ. ಎದುರು ಪಕ್ಷದ ವಾದ ಕೇಳಿಸಿಕೊಳ್ಳದೆ ಹೋದದ್ದು ವಕೀಲೆಯಾಗಿ ನನಗೆ ನೋವಿನ ಸಂಗತಿ. ಸಹಿ ಹಾಕಿದ ಶಿಕ್ಷೆಗಳ ಭಾರ ಹೊತ್ತು ಬಂದವನ ಮುಂದೆ ಸತ್ತವರ ಊರುಗಳಿಂದ ಬಂದ ಸದಸ್ಯರು ಸುಮ್ಮನೆ ಕೂರಬೇಕಿತ್ತು ಎಂದು ಹೇಳಲೂ ನನಗೆ ಬಾಯಿ ಬರುವುದಿಲ್ಲ. ಅದೇ ವರ್ಷದ ಡಿಸೆಂಬರ್ 27ರಂದು ಮೊಯ್ಕಾ ನದಿಯ ದಂಡೆಯ ಪ್ರಧಾನ ಸೇನಾ ನ್ಯಾಯಾಲಯದ ಆವರಣದಲ್ಲಿ ಕ್ರಾಂತಿಕಾರಿಯೊಬ್ಬ ಪಾವ್ಲೊವ್‌ರನ್ನು ಗುಂಡಿಟ್ಟು ಕೊಂದ. ಕೊಂದವನನ್ನು ಗಲ್ಲಿಗೇರಿಸಲಾಯಿತು.

ಮಸೂದೆ ಕಾನೂನಾಗಲಿಲ್ಲ. ಮೇಲ್ಮನೆಯಾದ ರಾಜ್ಯ ಮಂಡಳಿ ಅದನ್ನು ಮುಗಿಸುವ ಮೊದಲೇ, ಜುಲೈ 8ರಂದು, ದೊರೆ ದೂಮಾವನ್ನು ವಿಸರ್ಜಿಸಿದ. ಪ್ರಧಾನಿಯಾದ ಸ್ತೊಲೀಪಿನ್‌ರ ಬೇಸಿಗೆ ಮನೆಯ ಮೇಲೆ ಆಗಸ್ಟ್ 12ರಂದು ಬಾಂಬ್ ಬಿತ್ತು. ಹಲವರು ಸತ್ತರು, ಅವರ ಮಗಳೂ ಮಗನೂ ಗಾಯಗೊಂಡರು. ಒಂದು ವಾರಕ್ಕೆ, ಆಗಸ್ಟ್ 19ರಂದು, ರಣರಂಗ ನ್ಯಾಯಾಲಯಗಳ ಆಜ್ಞೆ ಹೊರಬಿತ್ತು.

ಈ ಆಜ್ಞೆಯನ್ನು ಓದಿದಾಗ ನನ್ನ ಹುಡುಕಾಟದ ಗಂಟು ಬಿಚ್ಚಿತು. ಅಪರಾಧ ಕಣ್ಣಿಗೆ ಕಾಣುವಂತಿದ್ದರೆ ತನಿಖೆ ಬೇಡ. ಐವರು ಅಧಿಕಾರಿಗಳ ನ್ಯಾಯಾಲಯ, ಮುಚ್ಚಿದ ಬಾಗಿಲು, ಎರಡು ದಿನಗಳೊಳಗೆ ತೀರ್ಪು, ಅದಾದ ಒಂದು ದಿನದೊಳಗೆ ಜಾರಿ. ಪ್ರಾಸಿಕ್ಯೂಟರ್ ಇಲ್ಲ, ವಕೀಲನಿಲ್ಲ, ಮೇಲ್ಮನವಿ ಇಲ್ಲ. ಕೂರುವವರು ಪಡೆಯ ಅಧಿಕಾರಿಗಳು, ಅವರಿಗೆ ಕಾನೂನು ಗೊತ್ತಿರಬೇಕೆಂಬ ಷರತ್ತಿಲ್ಲ. ಅಂದರೆ ನಲವತ್ತು ವರ್ಷ ಖರ್ಚು ಮಾಡಿ ಬೆಳೆಸಿದ ತನ್ನದೇ ಕಾನೂನು ಇಲಾಖೆಯನ್ನು ಸರ್ಕಾರ ಬಾಗಿಲ ಹೊರಗೆ ನಿಲ್ಲಿಸಿತು. ಆ ಇಲಾಖೆ ಮೃದುವಾಗಿತ್ತೆಂದಲ್ಲ. ಪಾವ್ಲೊವ್ ಅದರ ಮುಖ್ಯಸ್ಥರಾಗಿದ್ದವರೇ. ರಣರಂಗ ನ್ಯಾಯಾಲಯಗಳು ಹೋದ ಮೇಲೂ ಸೇನಾ ಜಿಲ್ಲಾ ನ್ಯಾಯಾಲಯಗಳು ಸಾವಿರಾರು ಜನರಿಗೆ ಸಾವಿನ ಶಿಕ್ಷೆ ಕೊಟ್ಟವು, ಕೊಟ್ಟವರು ಅಕಾಡೆಮಿಯಲ್ಲಿ ಓದಿದವರೇ. ಆದರೂ ಅವರಿದ್ದ ಕಡೆ ಆರೋಪಪಟ್ಟಿ ಇರಬೇಕು, ಸಾಕ್ಷಿಯನ್ನು ಪ್ರಶ್ನಿಸಬೇಕು, ತೀರ್ಪಿಗೆ ಕಾರಣ ಬರೆಯಬೇಕು. ಇಷ್ಟಕ್ಕೆ ಸಮಯ ಹಿಡಿಯುತ್ತದೆ, ಆ ಸಮಯದಲ್ಲಿ ಒಬ್ಬ ಮನುಷ್ಯ ಉಳಿಯಬಹುದು. ಸರ್ಕಾರಕ್ಕೆ ಬೇಡವಾದದ್ದು ಆ ಸಮಯ. ಸೇನಾ ವಕೀಲನ ಬೆಲೆ ಏನು ಎಂದು ತಿಳಿಯಲು ಅವನ ಪದಕಗಳ ಅಂಕಣಕ್ಕಿಂತ ಈ ಆಜ್ಞೆಯೇ ಒಳ್ಳೆಯ ಸಾಕ್ಷಿ.

ಆಜ್ಞೆ ಬಂದದ್ದು ಮೂಲ ಕಾನೂನಿನ, ಅಂದರೆ ರಷ್ಯದ ಆಗಿನ ಸಂವಿಧಾನದಂಥ ಶಾಸನದ, 87ನೆಯ ಕಲಂ ಕೆಳಗೆ, ದೂಮಾ ಇಲ್ಲದ ಹೊತ್ತಿನ ಸುಗ್ರೀವಾಜ್ಞೆಯಾಗಿ. ನಮ್ಮ ಸಂವಿಧಾನದ 123ನೆಯ ವಿಧಿಯ ಸುಗ್ರೀವಾಜ್ಞೆ ಸಂಸತ್ತು ಸೇರಿ ಆರು ವಾರಗಳಾದ ಮೇಲೆ ಬೀಳುವಂತೆ, ಅಲ್ಲಿ ಸಭೆ ಸೇರಿದ ಎರಡು ತಿಂಗಳೊಳಗೆ ಮಸೂದೆ ತರದಿದ್ದರೆ ಬೀಳುತ್ತಿತ್ತು. ಎರಡನೆಯ ದೂಮಾ 1907ರ ಫೆಬ್ರುವರಿ 20ರಂದು ಸೇರಿತು. ಮಾರ್ಚ್ ತಿಂಗಳಲ್ಲಿ ಮಾಸ್ಕೋದ ವಕೀಲ ವಸೀಲಿ ಮಕ್ಲಕೋವ್ ಈ ನ್ಯಾಯಾಲಯಗಳ ವಿರುದ್ಧ ಮಾಡಿದ ಭಾಷಣವನ್ನು ಓದಿ ನಾನು ಎದ್ದು ಓಡಾಡಿದೆ. ಅಂಥ ವಾದವನ್ನು ಎದುರು ಕೂತು ಕೇಳುವ ಭಾಗ್ಯ ನನಗಿರಲಿಲ್ಲ. ಸರ್ಕಾರ ಮಸೂದೆ ತರಲಿಲ್ಲ, ಏಪ್ರಿಲ್ 20ರಂದು ಆಜ್ಞೆ ತಾನಾಗಿ ಸತ್ತಿತು.

ರಷ್ಯದಲ್ಲಿ ಮರಣದಂಡನೆ ರದ್ದಾದದ್ದು ದೊರೆ ಹೋದ ಮೇಲೆ, 1917ರ ಮಾರ್ಚ್ 12ರಂದು. ನಾಲ್ಕೇ ತಿಂಗಳಲ್ಲಿ, ಜುಲೈ 12ರಂದು, ರಣಭೂಮಿಯಲ್ಲಿ ಮತ್ತೆ ಬಂತು. ಅಕಾಡೆಮಿ ಮುಚ್ಚಿಹೋಯಿತು. ಕುಜ್ಮಿನ್-ಕರವಾಯೆವ್ ದೇಶ ಬಿಟ್ಟರು, 1927ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು. ಅವರ ಮಗ ದ್ಮಿತ್ರಿ ಕ್ಯಾಥೊಲಿಕ್ ಪಾದ್ರಿಯಾದರು. ದ್ಮಿತ್ರಿಯ ಮೊದಲಿನ ಪತ್ನಿ ಎಲಿಜವೇತಾ ಮುಂದೆ ಪ್ಯಾರಿಸ್‌ನಲ್ಲಿ ಸನ್ಯಾಸಿನಿಯಾಗಿ ತಾಯಿ ಮಾರಿಯಾ ಎನಿಸಿಕೊಂಡರು. ನಾತ್ಸಿಗಳ ಕಾಲದಲ್ಲಿ ಯಹೂದಿಗಳಿಗೆ ಆಸರೆ ಕೊಟ್ಟದ್ದಕ್ಕಾಗಿ ಸೆರೆಯಾಗಿ, 1945ರಲ್ಲಿ ರಾವೆನ್ಸ್‌ಬ್ರುಕ್ ಶಿಬಿರದಲ್ಲಿ ಪ್ರಾಣಬಿಟ್ಟರು. ಜನರಲ್ ಒಬ್ಬರ ಕುಟುಂಬದ ಅಂಕಣ ಇಷ್ಟು ದೂರ ಹೋಗುತ್ತದೆಂದು ನಾನು ಎಣಿಸಿರಲಿಲ್ಲ.

ಈಗ ಪಾವ್ಲೊವ್‌ರ ಏಣಿಯನ್ನು ಅದೇ ಪಟ್ಟಿಗಳಿಂದ ಬಿಡಿಸುತ್ತಿದ್ದೇನೆ. ಹುದ್ದೆಗೆ ಹುದ್ದೆ, ವರ್ಷಕ್ಕೆ ವರ್ಷ ಇಬ್ಬರನ್ನೂ ಎದುರುಬದುರು ಬರೆದುಕೊಂಡು, ದಾರಿ ಎಲ್ಲಿ ಕವಲೊಡೆಯಿತು ಎಂದು ನೋಡುವ ಆಸೆ. ರಷ್ಯನ್ ಬಲ್ಲ ಕನ್ನಡದ ವಕೀಲರು ಯಾರಾದರೂ ಜೊತೆ ಸೇರುವುದಾದರೆ ಎರಡನೆಯ ದೂಮಾದ ಸಂಪುಟಗಳನ್ನು ಹಂಚಿಕೊಂಡು ಓದಬಹುದು. ಮಾರ್ಚ್ ತಿಂಗಳ ಕಲಾಪದಿಂದ ಶುರುಮಾಡಿದರೆ ಒಳ್ಳೆಯದು.